ಇಬ್ಬರು ಮೈಲಾರಪ್ಪರು, ಒಂದು ಲೈಬ್ರರಿ

ಅಂದು ಮಾಡಿದ ಕೆಲಸಗಳು ಇಷ್ಟು: ನಲ್ಲಿಗೆ ನೀರು ಬಂದ ಸದ್ದಿಗೆ ಎದ್ದು ಡ್ರಮ್ಮು, ಕೊಡ ತುಂಬಿದ್ದು. ಅತ್ತೆಯವರಿಗೆ ಬಿ.ಪಿ. ಗುಳಿಗೆ ಕೊಟ್ಟಿದ್ದು. ರೊಟ್ಟಿ ಬಡಿದು ಬದನೆಕಾಯಿ ಪಲ್ಯ ಮಾಡಿದ್ದು. ಗ್ಯಾಸ್ ಬುಕ್ ಮಾಡಿದ್ದು. ಹುಣಸೆಹಣ್ಣು ಬಿಡಿಸಿ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದು. ಆಮೇಲೆ ಆಫೀಸಿಗೆ ಹೋಗಿ, ಐದು ಊರಿನ ಐದು ಅಂಗಡಿಗಳ ಸಾಫ್ಟ್‌ವೇರಿನಲ್ಲಿ ಒಂದೇ ಸಾಲನ್ನು ಐದು ಸಲ ತಿದ್ದಿದ್ದು.

ಮುಂದೆ ನಡೆದದ್ದಕ್ಕೆಲ್ಲ ಈ ಕೊನೆಯ ಕೆಲಸವೇ ಕಾರಣ.

ನಮ್ಮ ಆಫೀಸು ಎಂದರೆ ಕೊಟ್ಟೂರಿನಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಕೋಣೆ. ಅಲ್ಲಿ ಕೆಲಸ ಮಾಡುವವರು ನಾನು ಮತ್ತು ಹರಪನಹಳ್ಳಿಯಿಂದ ದಿನಾ ಬಂದು ಹೋಗುವ ನನ್ನ ಸಹೋದ್ಯೋಗಿ, ಇಬ್ಬರೇ. ಅಂಗಡಿಯವರಿಗೆ ಬಿಲ್ಲು ಹಾಕಲು, ಸ್ಟಾಕು ನೋಡಲು, ಗಿರಾಕಿಗಳ ವಿವರ ಇಟ್ಟುಕೊಳ್ಳಲು ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಕೊಟ್ಟೂರಿನಲ್ಲಿ ಒಂದು ಔಷಧಿ ಅಂಗಡಿ, ಕೂಡ್ಲಿಗಿಯಲ್ಲಿ ಸಿಮೆಂಟು-ಕಬ್ಬಿಣದ್ದು, ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ್ದು, ಹರಪನಹಳ್ಳಿಯಲ್ಲಿ ಬಟ್ಟೆಯದ್ದು, ಹಡಗಲಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ. ಮೊದಲು ಬರೆದದ್ದು ಔಷಧಿ ಅಂಗಡಿಗೆ. ಎರಡನೆಯವರು ಬಂದಾಗ ಅದನ್ನೇ ನಕಲು ಮಾಡಿ, ಬೇಡವಾದದ್ದು ತೆಗೆದು, ಬೇಕಾದದ್ದು ಸೇರಿಸಿದೆ. ಮೂರನೆಯವರಿಗೆ ಎರಡನೆಯದರ ನಕಲು. ಹೀಗೆ ಒಂದೇ ತಾಯಿಯ ಮಕ್ಕಳಾಗಿ ಹುಟ್ಟಿದ ಐದು ಸಾಫ್ಟ್‌ವೇರುಗಳು ಬೇರೆ ಬೇರೆ ಊರಿನಲ್ಲಿ ಬೆಳೆದು ಬೇರೆ ಬೇರೆ ಸ್ವಭಾವ ಕಲಿತಿದ್ದವು.

ಅಂದು ತಿದ್ದಿದ ಸಾಲು ಬಿಲ್ಲಿನ ಮುದ್ರಣಕ್ಕೆ ಸಂಬಂಧಿಸಿದ್ದು. ಹೊಸದಾಗಿ ಬಂದ ಸಣ್ಣ ಬಿಲ್ ಪ್ರಿಂಟರುಗಳಲ್ಲಿ ಕನ್ನಡದ ಒತ್ತಕ್ಷರಗಳು ಅರ್ಧಕ್ಕೆ ಕತ್ತರಿಸಿ ಹೋಗುತ್ತಿದ್ದವು. ಸಾಲಿನಿಂದ ಸಾಲಿಗೆ ಇರುವ ಅಂತರವನ್ನು ತುಸು ಹೆಚ್ಚಿಸಿದರೆ ಸರಿಹೋಗುತ್ತಿತ್ತು. ನಾಲ್ಕು ಕಡೆ ಸರಿ ಮಾಡಿದೆ. ಕೂಡ್ಲಿಗಿಯದರಲ್ಲಿ ಆ ಭಾಗವನ್ನು ಯಾವಾಗಲೋ ಬೇರೆ ಕಡತಕ್ಕೆ ಸರಿಸಿದ್ದು ಮರೆತು, ಬೇರೆಲ್ಲೋ ತಿದ್ದಿದ್ದೆ. ಮಧ್ಯಾಹ್ನದೊಳಗೆ ಕೂಡ್ಲಿಗಿಯಿಂದ ಫೋನು ಬಂತು: ಒತ್ತಕ್ಷರ ಹಾಗೇ ಇವೆ, ಜೊತೆಗೆ ಈಗ ಅಂಗಡಿಯ ಹೆಸರೂ ಎರಡು ಸಲ ಬರುತ್ತಿದೆ.

ಸಹೋದ್ಯೋಗಿ ಚಹಾ ಹೀರುತ್ತ, "ಅಕ್ಕಾರೆ, ಒಂದು ತಲೆನೋವಿಗೆ ಐದು ಗುಳಿಗೆ ನುಂಗಿದಂಗಾತು ನೋಡ್ರಿ. ಅದೂ ಒಂದು ಗುಳಿಗೆ ಕಿವಿಗೆ ಹಾಕ್ಕೊಂಡಂಗೆ," ಅಂದ.

ಎಲ್ಲರಿಗೂ ಬೇಕಾಗುವ ಭಾಗಗಳನ್ನು ಐದೂ ಸಾಫ್ಟ್‌ವೇರಿನಿಂದ ಹೊರಗೆ ತೆಗೆದು ಒಂದೇ ಕಡೆ ಇಡುವುದು, ಐದೂ ಅಲ್ಲಿಂದಲೇ ಕರೆದು ಬಳಸುವುದು ಎಂದು ಆ ಚಹಾ ಮುಗಿಯುವುದರೊಳಗೆ ತೀರ್ಮಾನಿಸಿದೆವು. ನಮ್ಮ ಕಸುಬಿನಲ್ಲಿ ಇದಕ್ಕೆ ಲೈಬ್ರರಿ ಎನ್ನುತ್ತಾರೆ. ಹೊಸ ವಿದ್ಯೆಯೇನಲ್ಲ. ಮಾಡಬೇಕು ಮಾಡಬೇಕು ಎಂದುಕೊಂಡು ಮಾಡದೇ ಬಿಟ್ಟ ಕೆಲಸ.

ಎರಡು ಪರದೆಗಳ ಮೇಲೆ ಕಡತಗಳನ್ನು ಅಕ್ಕಪಕ್ಕ ಹರವಿಕೊಂಡು ಸಾಲುಸಾಲಾಗಿ ಹೋಲಿಸುತ್ತ ಹೋದೆವು. ಬೇಳೆ ಆರಿಸುವ ತರಹದ ಕೆಲಸ, ಕಣ್ಣು ತಪ್ಪಿಸುವಂತಿಲ್ಲ. ಕೆಲವು ಭಾಗ ಐದರಲ್ಲೂ ಅಕ್ಷರಶಃ ಒಂದೇ ಇದ್ದವು. ಅವನ್ನು ಎತ್ತಿ ಇಟ್ಟುಕೊಳ್ಳುವುದು ಸುಲಭ. ಕಷ್ಟ ಕೊಟ್ಟದ್ದು, ನೋಡಲು ಒಂದೇ ತರಹ ಇದ್ದು ಒಳಗೆ ಒಂದು ಸಾಲು ಮಾತ್ರ ಬೇರೆ ಇದ್ದ ಭಾಗಗಳು. ದಿನಾಂಕದ ಭಾಗವನ್ನೇ ತೆಗೆದುಕೊಳ್ಳಿ. ಬಟ್ಟೆ ಅಂಗಡಿಯದರಲ್ಲಿ ವರ್ಷ ದೀಪಾವಳಿಯಿಂದ ಶುರುವಾಗುತ್ತಿತ್ತು, ಉಳಿದವರದರಲ್ಲಿ ಏಪ್ರಿಲ್‌ನಿಂದ. ಇದು ತಪ್ಪಲ್ಲ, ಆ ಅಂಗಡಿಯವರ ರೂಢಿ. ಹಾಗಾಗಿ ಲೈಬ್ರರಿಯಲ್ಲಿ ವರ್ಷ ಎಂದು ಶುರು ಎಂಬುದನ್ನು ಬರೆಯಲೇ ಇಲ್ಲ. ಕರೆಯುವ ಅಂಗಡಿಯ ಸಾಫ್ಟ್‌ವೇರೇ ಅದನ್ನು ಹೇಳಬೇಕು ಎಂದು ಮಾಡಿದೆವು. ಕಾರಪುಡಿ ಒಂದೇ ಕಡೆ ಕುಟ್ಟಿಸಬಹುದು, ಉಪ್ಪು ಅವರವರ ಮನೆಯಲ್ಲಿ ಹಾಕಿಕೊಳ್ಳಲಿ ಎನ್ನುವ ಲೆಕ್ಕ.

ಹೀಗೆ ಮುದ್ರಣ, ದಿನಾಂಕ, ಮೊಬೈಲಿಗೆ ಸಂದೇಶ ಕಳಿಸುವುದು, ಬ್ಯಾಕಪ್, ಗಿರಾಕಿಯನ್ನು ಹುಡುಕುವುದು ಎಂಬ ಭಾಗಗಳು ಲೈಬ್ರರಿಗೆ ಬಂದವು. ಪ್ರತಿ ಸಲ ಬದಲಿಸಿದಾಗ ಲೈಬ್ರರಿಗೆ ಹೊಸ ಆವೃತ್ತಿ ಸಂಖ್ಯೆ. ಯಾವ ಅಂಗಡಿ ಯಾವ ಆವೃತ್ತಿಯನ್ನು ಬಳಸುತ್ತದೆ ಎಂಬುದು ಆಯಾ ಸಾಫ್ಟ್‌ವೇರಿನಲ್ಲಿ ಬರೆದಿರಬೇಕು. ಅಂಗಡಿಯಲ್ಲಿ ಕುಳಿತು ಲೈಬ್ರರಿಯ ಒಂದು ಸಾಲನ್ನೂ ತಿದ್ದಕೂಡದು. ಈ ಕೊನೆಯ ನಿಯಮವನ್ನು ಸಹೋದ್ಯೋಗಿ ದಪ್ಪ ಅಕ್ಷರದಲ್ಲಿ ಬರೆದು ನನ್ನ ಕಣ್ಣೆದುರಿನ ಗೋಡೆಗೇ ಅಂಟಿಸಿದ. ಯಾರನ್ನು ಕುರಿತು ಬರೆದದ್ದು ಎಂದು ನಾನು ಕೇಳಲಿಲ್ಲ.

ಗಿರಾಕಿಯ ಭಾಗದ ಬಗ್ಗೆ ಮಾತ್ರ ಅವನಿಗೆ ಅನುಮಾನ ಇತ್ತು. ಔಷಧಿ ಅಂಗಡಿಗೆ ನಾನು ಬರೆದುಕೊಟ್ಟದ್ದರಲ್ಲಿ ಒಂದು ಅನುಕೂಲ ಇತ್ತು. ಕೌಂಟರಿನಲ್ಲಿರುವವರು ಅವಸರದಲ್ಲಿ ಹಳೇ ಗಿರಾಕಿಯನ್ನು ಹುಡುಕದೆ ಹೊಸದಾಗಿ ಸೇರಿಸಿಬಿಡುತ್ತಾರೆ. ಒಬ್ಬರೇ ನಾಲ್ಕು ಕಡೆ ಆಗಿಬಿಡುತ್ತಾರೆ. ಹಾಗಾಗಿ ಹೆಸರು, ಮನೆತನದ ಹೆಸರು, ಊರು ಈ ಮೂರೂ ಕೂಡಿದರೆ ಸಾಫ್ಟ್‌ವೇರು ತಾನಾಗಿಯೇ ಎಲ್ಲವನ್ನೂ ಒಂದು ಮಾಡಿ, ಕೊನೆಗೆ ಕೊಟ್ಟ ಮೊಬೈಲ್ ನಂಬರನ್ನು ಇಟ್ಟುಕೊಳ್ಳುತ್ತಿತ್ತು. ಔಷಧಿ ಅಂಗಡಿಯಲ್ಲಿ ಇದು ವರ್ಷಗಟ್ಟಲೆ ಚೆನ್ನಾಗಿ ನಡೆದಿತ್ತು. ಇದನ್ನೇ ಐವರಿಗೂ ಕೊಡೋಣ ಎಂದೆ.

"ಎಲ್ಲಾ ಅಂಗಡಿಯಾಗೂ ಗಿರಾಕಿ ಅಂದ್ರೆ ಒಂದೇ ಏನ್ರೀ ಅಕ್ಕಾರೆ?" ಅಂದ ಸಹೋದ್ಯೋಗಿ.

"ಹೆಸರು, ಮನೆತನ, ಊರು ಮೂರೂ ಕೂಡಿದ ಮ್ಯಾಲೆ ಮತ್ತೇನು ಬೇಕಪ್ಪ, ಕುಂಡಲಿ ಕೂಡಿಸಬೇಕಾ?" ಅಂದೆ. ಅವನು ನಕ್ಕು ಪರದೆಯ ಕಡೆ ತಿರುಗಿದ.

ಪರೀಕ್ಷೆಯಲ್ಲಿ ಕೊರತೆ ಮಾಡಲಿಲ್ಲ. ಪ್ರತಿ ಅಂಗಡಿಯ ಹಳೇ ಬಿಲ್ಲುಗಳನ್ನು ಹೊಸ ಲೈಬ್ರರಿಯಿಂದ ಮತ್ತೆ ಮುದ್ರಿಸಿ, ಹಳೆಯದಕ್ಕೂ ಹೊಸದಕ್ಕೂ ಚುಕ್ಕೆ ವ್ಯತ್ಯಾಸ ಇಲ್ಲದಿರುವುದನ್ನು ನೋಡಿದೆವು. ಬಿಲ್ಲುಗಳು ಹೊಂದಿದವು. ಬಿಲ್ಲು ಯಾರ ಕೈಗೆ ಹೋಗುತ್ತದೆ ಎಂಬುದು ಮಾತ್ರ ಆ ಪರೀಕ್ಷೆಯಲ್ಲಿ ಇರಲಿಲ್ಲ.

ಕೊಟ್ಟೂರಿನಿಂದ ಶುರು ಮಾಡಿ ಒಂದೊಂದೇ ಊರಿಗೆ ಹೋಗಿ ಹಾಕಿ ಬಂದೆವು. ಕೂಡ್ಲಿಗಿಯವರು ಅಂಗಡಿಯ ಹೆಸರು ಒಂದೇ ಸಲ ಬಂದದ್ದು ನೋಡಿ ಮಂಡಕ್ಕಿ-ಮಿರ್ಚಿ ತರಿಸಿದರು. ಕೊನೆಯದು ಹಡಗಲಿ. ಅಲ್ಲಿಯೂ ಎಲ್ಲ ಸರಿಯಾಗಿಯೇ ನಡೆಯಿತು ಎಂದುಕೊಂಡು ವಾಪಸು ಬಂದೆ.

ಫೋನು ಬಂದದ್ದು ಆ ವಾರದಲ್ಲೇ, ನಾನು ಆಫೀಸಿನ ಬೀಗ ತೆಗೆಯುವಾಗ. ಹಡಗಲಿಯ ರಿವೈಂಡಿಂಗ್ ಅಂಗಡಿಯ ಮಾಲೀಕರು.

"ಮೇಡಂ, ನೀವು ಮನ್ನಿ ಬಂದು ಹಾಕಿಹೋದ್ರಲ್ಲ, ಅದು ನಮ್ಮಲ್ಲಿ ಇಬ್ರು ಗಿರಾಕಿನ್ನ ಒಬ್ಬನ್ನ ಮಾಡೈತಿ. ಒಬ್ಬನ ಮೋಟರ್ ಇನ್ನೊಬ್ಬ ಒಯ್ದಾನ. ಒಯ್ದು ಬೋರಿಗೆ ಇಳಿಸ್ಯಾನ. ಇಲ್ಲಿ ಆ ಹೆಣ್ಣುಮಗಳು ಬಂದು ಕಟ್ಟಿ ಮ್ಯಾಲೆ ಕುಂತಾಳ. ನೀವ ಬಂದು ಮಾತಾಡ್ರಿ."

ಹಗರಿಬೊಮ್ಮನಹಳ್ಳಿ ಮೇಲಿಂದ ಹೋಗುವ ಬಸ್ಸು ಹತ್ತಿದೆ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಟಿಕೆಟು ತೆಗೆದುಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಆ ಭಾಗವನ್ನು ಓದಿದೆ. ಕೋಡಿನಲ್ಲಿ ದೋಷ ಇರಲಿಲ್ಲ. ಹೇಳಿದ್ದನ್ನೇ ಮಾಡಿತ್ತು. ಹೇಳಿದ್ದೇ ಅಲ್ಲಿಗೆ ಹೊಂದುವಂಥದ್ದಲ್ಲ.

ಅಂಗಡಿಯ ಮುಂದೆ ಬಿಚ್ಚಿದ ಮೋಟರುಗಳು ಸಾಲಾಗಿ ಮಲಗಿದ್ದವು. ವಾರ್ನಿಷಿನ ವಾಸನೆ, ಒಳಗೆ ತಾಮ್ರದ ತಂತಿ ಸುತ್ತುವ ಯಂತ್ರದ ಸದ್ದು. ಕಟ್ಟೆಯ ಮೇಲೆ ಕುಳಿತಿದ್ದ ಹೆಣ್ಣುಮಗಳು ನನ್ನ ಬ್ಯಾಗು ನೋಡಿಯೇ ಗುರುತು ಹಿಡಿದಳು.

"ನೀವೇನ್ರಿ ಕಂಪ್ಯೂಟರ್‌ನಾರು?"

"ಹೌದವ್ವ. ಏನಾಗೈತಿ, ನೀನ ಹೇಳು."

"ನಮ್ದು ಮಲ್ಲಿಗಿ ತ್ವಾಟ ಐತ್ರಿ. ಮೋಟರ್ ಸುಟ್ಟಿತ್ತು, ಇಲ್ಲಿ ಕೊಟ್ಟಿದ್ವಿ. ಇವತ್ತ ಕೊಡ್ತೀವಿ ಅಂದಿದ್ರು, ಬಂದ್ರ ಮೋಟರ್ ಇಲ್ಲ. ಮೊಗ್ಗು ಹಿಡಿಯೋ ಹೊತ್ತಿನಾಗ ನೀರು ತಪ್ಪಿದ್ರ ಮೊಗ್ಗು ಉದುರಿಬಿಡ್ತಾವ್ರಿ. ನಿನ್ನೇನ ಗಿಡ ಬಾಡ್ಯಾವ. ಇವತ್ತೊಂದು ದಿನ ತಡದಾವು. ನಾಳಿಗೆ ನೀರಿಲ್ಲಂದ್ರ ಈ ಸುತ್ತಿನ ಹೂವು ಹೋತು ಅಂತ ತಿಳಕೊಳ್ರಿ."

ಮಾಲೀಕರು ಬಂದು ಪರದೆಯ ಮೇಲೆ ತೋರಿಸಿದರು. ಬಣಕಾರ ಮೈಲಾರಪ್ಪ, ಊರು ಇಂಥದ್ದು, ಎರಡು ಮೋಟರು. ನಮ್ಮ ಲೈಬ್ರರಿ ಬರುವ ಮುಂಚೆ ಅದು ಎರಡು ಗಿರಾಕಿ, ಒಂದೊಂದು ಮೋಟರು. ಒಬ್ಬ ಮೈಲಾರಪ್ಪ ಈ ಹೆಣ್ಣುಮಗಳ ಗಂಡ. ಇನ್ನೊಬ್ಬ ಅವನ ದೊಡ್ಡಪ್ಪನ ಮಗ.

"ಇವರ ಅಜ್ಜ ಮೈಲಾರಪ್ಪ ಅಂತ. ಆತ ಸತ್ತ ಮ್ಯಾಲೆ ಮಕ್ಕಳು ಇಬ್ರೂ ತಮ್ಮ ತಮ್ಮ ಮೊದಲ್ನೇ ಮಗಗ ಅಪ್ಪನ ಹೆಸ್ರು ಇಟ್ರು," ಅಂದರು ಮಾಲೀಕರು. "ಅಣ್ಣ ಇಟ್ಟಾನ ಅಂತ ತಮ್ಮ ಬಿಡಲಿಲ್ಲ. ಅಪ್ಪ ಇಬ್ರಿಗೂ ಅಪ್ಪನಾ ಅಲ್ಲೇನ್ರಿ. ನಮ್ಮ ಕಡಿ ಇದು ಹೊಸಾದಲ್ಲ."

ಹೆಸರು ಒಂದು, ಮನೆತನ ಒಂದು, ಊರು ಒಂದು. ಕುಂಡಲಿ ಕೂಡಿಸಬೇಕಾ ಎಂದು ಕೇಳಿದ್ದೆನಲ್ಲ, ಕೂಡಿಸಬೇಕಿತ್ತು.

ಈ ಹೆಣ್ಣುಮಗಳ ಮೋಟರು ಮೊದಲು ತಯಾರಾಗಿದೆ. 'ನಿಮ್ಮ ಮೋಟರ್ ಸಿದ್ಧವಾಗಿದೆ' ಎಂಬ ಸಂದೇಶ ಕೊನೆಗೆ ಕೊಟ್ಟ ನಂಬರಿಗೆ, ಅಂದರೆ ದೊಡ್ಡಪ್ಪನ ಮಗನ ಮೊಬೈಲಿಗೆ ಹೋಗಿದೆ. ಅವನು ಟ್ರ್ಯಾಕ್ಟರು ತಂದಿದ್ದಾನೆ. ಹಿಂದಿನ ದಿನ ಮಾಲೀಕರು ಊಟಕ್ಕೆ ಹೋಗಿದ್ದ ಹೊತ್ತು, ಕೌಂಟರಿನಲ್ಲಿದ್ದ ಅವರ ಭಾಮೈದ ಪರದೆ ನೋಡಿ, ಎಲ್ಲ ತಾಳೆಯಾಯಿತು ಎಂದು ಕೊಟ್ಟು ಕಳಿಸಿದ್ದಾನೆ.

"ಹೊಲ ಪಾಲಾದಾಗಿಂದ ಆ ಮನಿಗೂ ಈ ಮನಿಗೂ ಮಾತಿಲ್ರಿ," ಅಂದಳು ಆ ಹೆಣ್ಣುಮಗಳು. "ಊರಾಗಿನ ಹಿರೇರು ಕುಂತು ಹೇಳಿದ್ರೂ ಒಂದಾಗಲಿಲ್ಲ. ನಿಮ್ಮ ಕಂಪ್ಯೂಟರು ಯಾರನ್ನೂ ಕೇಳದಂಗ ಒಂದು ಮಾಡಿಬಿಡ್ತು."

ಮಾಲೀಕರು ಜೋರಾಗಿ ನಕ್ಕರು. ನನಗೂ ನಗು ಬಂತು, ಆದರೆ ಅವಳು ನಗುತ್ತಿರಲಿಲ್ಲ.

"ನಿಮ್ಮ ಯಜಮಾನ್ರು ಎಲ್ಲಿ?" ಅಂತ ಕೇಳಿದೆ.

"ತ್ವಾಟಕ್ಕ ಟ್ಯಾಂಕರ್ ಸಿಗತೈತೇನು ಅಂತ ಹುಡುಕಾಕ ಹೋಗ್ಯಾರ. ಅವರ ಮನಿ ಬಾಗಿಲಿಗೆ ಹೋಗಿ ಮೋಟರ್ ಕೊಡು ಅನ್ನಾಕ ಅವರು ಸತ್ರೂ ಹೋಗಂಗಿಲ್ಲ."

ಮಾಲೀಕರಿಗೆ ಬೇಕಾದದ್ದು ಸರಳವಾಗಿತ್ತು. "ಹಳೇದ ಹಾಕಿಕೊಡ್ರಿ ಮೇಡಂ. ಇಲ್ಲಾಂದ್ರ ಕಂಪ್ಯೂಟರ್ ಮ್ಯಾಲೆ ಬಟ್ಟಿ ಹೊಚ್ಚಿ, ನಾ ಮೊದಲಿನಂಗ ಬಳಪ ಹಿಡದು ಪಾಟಿ ಮ್ಯಾಲೆ ಬರಕೊಂತೀನಿ."

ಕೆಲಸದ ಮಾತು ಆಮೇಲೆ, ಮೊದಲು ತೋಟಕ್ಕೆ ನೀರು ಎಂದೆ. ಆ ಇನ್ನೊಂದು ಮೋಟರು ಎಲ್ಲಿದೆ ಎಂದು ಕೇಳಿದೆ. ಅಲ್ಲೇ ಇತ್ತು, ತಂತಿ ಸುತ್ತಿ ಮುಗಿದು, ವಾರ್ನಿಷ್ ಒಣಗಲು ಬಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಸಂಜೆ ಹೊತ್ತಿಗೆ ತಯಾರು. ಎರಡೂ ಒಂದೇ ಅಳತೆ, ಒಂದೇ ಎಚ್.ಪಿ. ಪಂಪು ಅವರವರ ಹೊಲದಲ್ಲೇ ಉಳಿದಿತ್ತು, ರಿಪೇರಿಗೆ ತಂದದ್ದು ಮೋಟರು ಮಾತ್ರ.

ಮಾಲೀಕರು ದೊಡ್ಡಪ್ಪನ ಮಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಮೈಲಾರಪ್ಪ, ನೀ ಒಯ್ದದ್ದು ನಿನ್ನ ಮೋಟರ್ ಅಲ್ಲಪ್ಪ. ನಿನ್ನ ತಮ್ಮಂದು."

"ಮೆಸೇಜ್ ನನಗ ಬಂದೈತಿ, ಬಿಲ್ ಮ್ಯಾಲೆ ನನ್ನ ಹೆಸ್ರು ಐತಿ. ಎಂಟು ಆಳು ಕಟ್ಟಿಕೊಂಡು ಇಳಿಸೀನಿ. ಈಗ ಎತ್ತು ಅಂದ್ರ ಎತ್ತಾಕ ಅದೇನು ಕೊಡಾನಾ?"

"ಕಂಪ್ಯೂಟರ್ ತಪ್ಪಾಗೇತಿ ಮಾರಾಯ."

"ಹಂಗಾರ ಕಂಪ್ಯೂಟರ್ ಬಂದು ಎತ್ತಲಿ."

ನಾನು ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಆ ಹೆಣ್ಣುಮಗಳು ಎದ್ದು ಬಂದು ಫೋನಿನ ಹತ್ತಿರ ಬಗ್ಗಿದಳು.

"ಭಾವಾರ, ನಾನ್ರಿ. ಎತ್ತಬ್ಯಾಡ್ರಿ. ನಮ್ಮದು ನಿಮ್ಮ ಬೋರಿನಾಗ ಇರಲಿ. ನಿಮ್ದು ಸಂಜಿಗೆ ತಯಾರ ಆಗತೈತಂತ, ಅದನ್ನ ನಾವು ಇಳಿಸಿಕೊಂತೀವಿ. ಹೂವಿನ ಕಾಲ ಮುಗೀಲಿ, ಆಮ್ಯಾಲೆ ಬದ್ಲಿ ಮಾಡ್ಕೊಂಡ್ರಾತು."

ಅವನು ಫೋನು ಹಿಡಿದು ಆಚೆ ಸರಿದಿರಬೇಕು. ನೀರಿನ ಸದ್ದು ದೂರವಾಯಿತು.

"ನಂದು ನಿಮ್ಮದಕಿಂತ ಹೊಸಾದು," ಅಂದ ಕೊನೆಗೆ.

"ಗೊತ್ತೈತ್ರಿ. ಕಣ್ಣಾಗ ಇಟಗೊಂಡು ನೋಡಿಕೊಂತೀವಿ."

"ಆ... ಒಣ ಓಡಿಸಬ್ಯಾಡ್ರಿ ಅದನ್ನ. ಬೋರಿನಾಗ ನೀರು ತಳಕ್ಕ ಹೋದ್ರ ಬಂದ್ ಮಾಡ್ರಿ. ಅಂವಗ ಹೇಳು."

"ಹೇಳ್ತೀನ್ರಿ."

ಫೋನು ಇಟ್ಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನಿಗೆ ಫೋನು ಮಾಡಲು ಹೊರಗೆ ಹೋದಳು. ಸಾಗಿಸುವ, ಇಳಿಸುವ ಕೆಲಸ ಅಂಗಡಿಯದ್ದೇ ಎಂದು ಮಾಲೀಕರು ಒಪ್ಪಿಕೊಂಡರು. "ಮೋಟರ್ ಒಣಗೋತನಕ ನೀವೂ ಕುಂತು ನಿಮ್ಮದು ಸರಿ ಮಾಡ್ರಿ," ಅಂದರು ನನಗೆ.

ಸಹೋದ್ಯೋಗಿಗೆ ಫೋನು ಮಾಡಿದೆ. ಆವೃತ್ತಿ ಸಂಖ್ಯೆ ಇಟ್ಟಿದ್ದರಿಂದ ಹಳೆಯದಕ್ಕೆ ವಾಪಸು ಹೋಗುವುದು ಕಷ್ಟದ ಮಾತಾಗಿರಲಿಲ್ಲ. ಆದರೆ ಸಾಫ್ಟ್‌ವೇರು ಹಳೆಯದಾದರೂ ಒಂದಾದ ಗಿರಾಕಿಗಳು ತಾವಾಗಿ ಬೇರೆಯಾಗುವುದಿಲ್ಲ.

"ಅಕ್ಕಾರೆ, ಇನ್ನೊಂದು ದಾರಿ ಐತೆ," ಅಂದ ಅವನು. "ಹಡಗಲಿಗೆ ಅಷ್ಟೇ ಆ ಗಿರಾಕಿ ಭಾಗ ನಕಲು ಮಾಡ್ಕೊಂಡು, ಕೂಡಿಸೋ ಸಾಲು ತೆಗೆದುಬಿಡ್ರಿ. ಹತ್ತು ನಿಮಿಷದ ಕೆಲಸ."

"ಗ್ವಾಡಿಗೆ ಅಂಟಿಸಿದ್ದು ನೀನ ಅಲ್ಲೇನಪ್ಪ?"

"ಅಂಟಿಸಿದ್ದು ನಾನೇ. ನೀವಲ್ಲಿ ಸಿಕ್ಕಾಕ್ಕೊಂಡೀರಲ್ಲ, ಅದಕ್ಕೆ ಹೇಳಿದೆ."

ಹತ್ತು ನಿಮಿಷದ ಕೆಲಸ ಹೌದು. ಮಾಲೀಕರು ಎದುರಿಗೆ ನಿಂತಿರುವಾಗ ಬೆರಳು ತಾನಾಗಿಯೇ ಆ ಕಡೆ ಹೋಗುತ್ತದೆ. ಆದರೆ ಇವತ್ತು ಹಡಗಲಿಗೊಂದು ನಕಲು, ನಾಳೆ ಹರಪನಹಳ್ಳಿಗೊಂದು, ಮತ್ತೆ ಅದೇ ಐದು ಗುಳಿಗೆ. ಅದಕ್ಕಿಂತ ಹೆಚ್ಚಾಗಿ, ಹಡಗಲಿಯದು ವಿಶೇಷ, ಉಳಿದವರದು ಸರಿ ಎನ್ನುವುದೇ ನನಗೆ ಒಪ್ಪಿಗೆಯಾಗಲಿಲ್ಲ. ಕೊಟ್ಟೂರಿನಲ್ಲಿ ಸರಿ ನಡೆದದ್ದು ಯಾಕೆ ಎಂಬುದೇ ಗೊತ್ತಿಲ್ಲದೆ ಹಡಗಲಿಯಲ್ಲಿ ಕೆಟ್ಟದ್ದನ್ನು ಸರಿಮಾಡುವುದು ಹೇಗೆ? ತಡಿ, ಕೂತು ನೋಡುತ್ತೇನೆ ಎಂದು ಫೋನು ಇಟ್ಟೆ.

ಕೌಂಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಗಿರಾಕಿಗಳು ಬರುತ್ತಿದ್ದರು. ಆಟೋದಲ್ಲಿ ಒಬ್ಬರು, ಬೈಕಿನ ಹಿಂದೆ ಅಡ್ಡ ಕಟ್ಟಿಕೊಂಡು ಒಬ್ಬರು. ಮಾಲೀಕರು ಪ್ರತಿಯೊಬ್ಬರಿಗೂ ಮೊದಲು ಕೇಳುತ್ತಿದ್ದ ಮಾತು ಒಂದೇ: "ಯಾವ ಬೋರಿಂದು?"

"ಹಳ್ಳದ ದಂಡಿ ಬೋರು."

"ಹ್ಞಾ, ಹ್ವಾದ ವರ್ಷ ಕೇಬಲ್ ಜಾಯಿಂಟ್ ಹೋಗಿತ್ತಲ್ಲ, ಅದು."

ಹೆಸರು ಕೇಳುತ್ತಿದ್ದದ್ದು ಕೊನೆಗೆ, ಕಂಪ್ಯೂಟರಿನ ಸಲುವಾಗಿ. ಅವರಿಗೆ ಗಿರಾಕಿ ಎಂದರೆ ಮನುಷ್ಯನಲ್ಲ, ಬೋರು. ಹೊಲ ಮಾರಿದರೂ, ಮಗ ಬಂದರೂ, ಅಳಿಯ ಬಂದರೂ ಬೋರು ಅದೇ. ಇಷ್ಟು ದಿನ ಈ ಅಂಗಡಿಗೆ ಬಂದು ಹೋಗಿದ್ದೇನೆ. ಆ ಪ್ರಶ್ನೆ ಕಿವಿಗೆ ಬಿದ್ದಿದ್ದರೂ ಕೇಳಿಸಿಕೊಂಡಿರಲಿಲ್ಲ.

ಕೂತಲ್ಲೇ ಉಳಿದ ಅಂಗಡಿಗಳ ಕೌಂಟರುಗಳನ್ನು ನೆನೆಸಿಕೊಂಡೆ. ಔಷಧಿ ಅಂಗಡಿಯ ಹೆಣ್ಣುಮಗಳು "ಯಾರ ಮನ್ಯಾಗ ಹುಷಾರಿಲ್ಲ?" ಎನ್ನುತ್ತಾಳೆ, ಅಲ್ಲಿ ಗಿರಾಕಿ ಎಂದರೆ ಮನೆ. ಯಾರೇ ಬಂದರೂ ಬರೆಸುವುದು ಮನೆಯ ಯಜಮಾನರ ಹೆಸರನ್ನೇ, ಅವನ್ನೆಲ್ಲ ಒಂದೇ ಕಡೆ ಕೂಡಿಸಿದರೆ ಅವರಿಗೆ ಅನುಕೂಲವೇ. ಅಲ್ಲಿ ನಡೆದದ್ದು ಅದಕ್ಕೆ. ಟ್ರ್ಯಾಕ್ಟರ್ ಬಿಡಿಭಾಗದವರು "ಯಾವ ಗಾಡಿ?" ಎಂದು ಕೇಳುತ್ತಾರೆ. ಸಿಮೆಂಟಿನವರು "ಮೇಸ್ತ್ರಿ ಯಾರು?" ಎನ್ನುತ್ತಾರೆ. ಬಟ್ಟೆ ಅಂಗಡಿಯಲ್ಲಿ "ಯಾರ ಮದಿವಿ?"

ವರ್ಷ ಎಂದು ಶುರುವಾಗುತ್ತದೆ ಎಂಬುದನ್ನು ಅಂಗಡಿಗೆ ಬಿಟ್ಟುಕೊಟ್ಟಿದ್ದೆವು. ಗಿರಾಕಿ ಯಾರು ಎಂಬುದನ್ನು ಮಾತ್ರ ನಾವೇ ಹೇಳಲು ಹೋಗಿದ್ದೆವು.

ಅಲ್ಲಿಂದಲೇ ಸಹೋದ್ಯೋಗಿಗೆ ಹೇಳಿದೆ. ಲೈಬ್ರರಿಯಿಂದ ಕೂಡಿಸುವ ಭಾಗವನ್ನೇ ಪೂರ್ತಿ ತೆಗೆಯುವುದು, ಐವರಿಗೂ. ಹುಡುಕುವುದು, ಜೋಡಿಸಿ ತೋರಿಸುವುದು ಲೈಬ್ರರಿಯ ಕೆಲಸ. ಮೊದಲ ಪ್ರಶ್ನೆ ಯಾವುದು ಎಂಬುದನ್ನು ಅಂಗಡಿಯ ಸಾಫ್ಟ್‌ವೇರು ಹೇಳಬೇಕು. ಅದನ್ನು ಹೇಳದಿದ್ದರೆ ಲೈಬ್ರರಿ ಓಡುವುದೇ ಬೇಡ. ಒಂದೇ ತರಹದ ಎರಡು ಕಂಡರೆ ಪಕ್ಕಪಕ್ಕ ತೋರಿಸಲಿ, ಒಂದು ಮಾಡುವುದು ಬಿಡುವುದು ಕೌಂಟರಿನಲ್ಲಿರುವವರ ಕೈಯಲ್ಲಿರಲಿ.

"ಔಷಧಿ ಅಂಗಡಿಯೋರು ಮೊದ್ಲಿನಂಗೇ ಬೇಕು ಅಂದ್ರೆ?"

"ಬೇಕಂದ್ರ ಅವರ ಅಂಗಡಿ ಕಡತದಾಗ ಬರಕೊಡೋಣು. ಲೈಬ್ರರಿಯಾಗ ಬ್ಯಾಡ."

"ಇದು ಸೈ," ಅಂದ. "ಹಂಗಾದ್ರೆ ಕುಂಡಲಿ ಬ್ಯಾಡ?"

"ಇಡಪ್ಪ ಫೋನು," ಅಂದೆ.

ಹೊಸದು ತಯಾರಾಗುವತನಕ ಇರಲಿ ಎಂದು ಹಡಗಲಿಗೆ ಹಳೇ ಆವೃತ್ತಿಯನ್ನೇ ವಾಪಸು ಹಾಕಿದೆ. ಒಂದು ಒಳ್ಳೆಯದಾಗಿತ್ತು. ಕೂಡಿಸುವಾಗ ಹಳೇ ದಾಖಲೆಯನ್ನು ಅಳಿಸದೆ ಮರೆಯಲ್ಲಿಡುವ ಹಾಗೆ ಬರೆದಿದ್ದೆ. ಅವನ್ನೆಲ್ಲ ಹೊರಗೆ ತೆಗೆದು, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಇವರಿಬ್ಬರೂ ಒಬ್ಬರೇನಾ? "ಹೌದು, ಇವನು ಒಬ್ಬನ, ಎರಡು ಸಿಮ್ ಇಟ್ಟಾನ." ಇವರು? "ಏ, ಇವರು ಮಾವ-ಅಳಿಯ." ಅವರು ಹೇಳಿದಂತೆ ಬಿಡಿಸುತ್ತ, ಪ್ರತಿಯೊಬ್ಬರ ಮುಂದೆ ಬೋರಿನ ಗುರುತು ಬರೆಸುತ್ತ ಹೋದೆ. ಮೈಲಾರಪ್ಪರು ಬೇರೆಯಾದರು: ಒಬ್ಬರದು ಹುಣಸೆಮರದ ಬೋರು, ಇನ್ನೊಬ್ಬರದು ಮಲ್ಲಿಗೆ ತೋಟದ ಬೋರು. ಕೆಲಸ ಮುಗಿಯುವ ಹೊತ್ತಿಗೆ ಬಿಸಿ ಪೆಟ್ಟಿಗೆಯಿಂದ ಮೋಟರನ್ನು ಹೊರತೆಗೆದು, ಜೋಡಿಸಿ, ನೀರಿನ ತೊಟ್ಟಿಯಲ್ಲಿ ಓಡಿಸಿ ನೋಡಿದರು. ಗೂಡ್ಸ್ ಆಟೋದಲ್ಲಿ ಮೋಟರಿನ ಪಕ್ಕದಲ್ಲೇ ಆ ಹೆಣ್ಣುಮಗಳು ಕುಳಿತಳು.

"ನೀರು ಬಿದ್ದ ಮ್ಯಾಲೆ ಒಂದು ಫೋನ್ ಮಾಡವ್ವ," ಅಂದೆ.

ಮಾರನೆಯ ದಿನ ಬೆಳಿಗ್ಗೆ ಮಾಡಿದಳು. ಎರಡೇ ಮಾತು: "ನೀರು ಬಿತ್ರಿ. ಗಿಡ ಎದ್ದು ನಿಂತಾವ."

ಆಮೇಲಿನ ದಿನಗಳು ನಿಧಾನದವು. ಈ ಸಲ ಕೋಡು ಬರೆಯುವ ಮುಂಚೆ ಪ್ರತಿ ಅಂಗಡಿಯ ಕೌಂಟರಿನ ಪಕ್ಕ ಅರ್ಧ ದಿನ ಕುಳಿತೆವು. ಹರಪನಹಳ್ಳಿ, ಕೂಡ್ಲಿಗಿ ಅವನದು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ನನ್ನದು. ನನ್ನ ಎಣಿಕೆ ಒಂದು ಕಡೆ ತಪ್ಪಿತ್ತು: ಬಟ್ಟೆ ಅಂಗಡಿಯವರು ಯಾರ ಮದುವೆ ಎನ್ನುವುದಕ್ಕಿಂತ ಮೊದಲು "ಗಂಡಿನ ಕಡಿಯೋರೋ, ಹೆಣ್ಣಿನ ಕಡಿಯೋರೋ?" ಎಂದು ಕೇಳುತ್ತಾರಂತೆ. ಸಹೋದ್ಯೋಗಿ ಅದನ್ನು ತಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಲೈಬ್ರರಿಯ ಗಿರಾಕಿ ಭಾಗ ಮೊದಲಿಗಿಂತ ಅರ್ಧ ಆಯಿತು. ತೆಗೆದುಹಾಕಿದ್ದರಿಂದ ಸುಧಾರಿಸಿದ ಕೆಲಸ ನನ್ನ ಕೈಯಲ್ಲಿ ಅದೇ ಮೊದಲು. ಪರೀಕ್ಷೆಗೆ ಬಿಲ್ಲುಗಳ ಜೊತೆಗೆ ಇಬ್ಬರು ಮೈಲಾರಪ್ಪರನ್ನೂ ಸೇರಿಸಿದೆವು: ಇನ್ನು ಮುಂದೆ ಯಾವ ಆವೃತ್ತಿ ಹೊರಗೆ ಹೋಗಬೇಕಾದರೂ, ಮೊದಲು ಆ ಇಬ್ಬರು ಇಬ್ಬರಾಗಿಯೇ ಉಳಿಯಬೇಕು.

ಹೊಸ ಆವೃತ್ತಿಯನ್ನು ಮೊದಲು ಹಾಕಿದ್ದು ಹಡಗಲಿಯಲ್ಲಿ. ಮಾಲೀಕರು ಕೈಕಟ್ಟಿಕೊಂಡು ನನ್ನ ಹಿಂದೆ ನಿಂತಿದ್ದರು.

"ಇದು ಮತ್ತ ಯಾರನ್ನಾರ ಕೂಡಿಸತೈತೇನು?"

"ಇಲ್ರಿ. ಕೂಡಿಸೋದು, ಬಿಡಿಸೋದು ನಿಮ್ಮ ಕೆಲಸ. ಇದು ತೋರಸ್ತೈತಿ ಅಷ್ಟ."

"ಅಷ್ಟ ಇರಲಿ ಬಿಡ್ರಿ," ಅಂದರು. ಆದರೂ ಪಾಟಿ ಮಾತ್ರ ಕೌಂಟರಿನ ಮೇಲೇ ಇತ್ತು.

ಆ ಮಧ್ಯಾಹ್ನ ನಾನಿನ್ನೂ ಅಲ್ಲಿರುವಾಗಲೇ, ಸ್ಟಾರ್ಟರ್ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಎತ್ತರದ ಗಂಡಸೊಬ್ಬರು ಬಂದರು. ಮಾಲೀಕರು ರೂಢಿಯಂತೆ ಕೇಳಿದರು.

"ಯಾವ ಬೋರಿಂದು?"

"ಹುಣಸಿಮರದ್ದು." ತುಸು ತಡೆದು, "ಮೋಟರ್ ಅವರದು," ಅಂದರು.

ದೊಡ್ಡಪ್ಪನ ಮಗ ಮೈಲಾರಪ್ಪ. ಪರದೆಯ ಮೇಲೆ ಹುಣಸೆಮರದ ಬೋರು ತಕ್ಷಣ ಬಂತು. ಆದರೆ ಬೋರು ಒಬ್ಬರದು, ಒಳಗಿನ ಮೋಟರು ಇನ್ನೊಬ್ಬರದು ಎಂದು ಬರೆಯಲು ಜಾಗ ಇರಲಿಲ್ಲ. ಅಲ್ಲೇ ಕುಳಿತು ಒಂದು ಖಾನೆ ಮಾಡಿಕೊಟ್ಟೆ, ಅಂಗಡಿಯ ಕಡತದಲ್ಲಿ. ಲೈಬ್ರರಿಯನ್ನು ಮುಟ್ಟಲಿಲ್ಲ.

"ಮತ್ತ ಬದ್ಲಿ ಯಾವಾಗ ಮಾಡ್ಕೊಂತೀರಪ್ಪ ಮೈಲಾರಪ್ಪ? ಮೊದ್ಲ ಹೇಳು, ಆಳು ಕಳಸಬೇಕು," ಅಂದರು ಮಾಲೀಕರು.

ಅವರು ಸ್ಟಾರ್ಟರನ್ನು ಕೌಂಟರಿನ ಮೇಲಿಟ್ಟು ಅದರ ಧೂಳು ಒರೆಸಿದರು.

"ಅವರ ತ್ವಾಟದಾಗ ಮೊಗ್ಗು ಬಾಳ ಬಂದಾವ. ಈಗ ಎತ್ರಿ ಅಂದ್ರ ಚಲೋ ಅಲ್ಲ. ನಡದೈತಲ್ಲ, ನಡೀಲಿ."

"ಕಾಲ ಮುಗಿದ ಮ್ಯಾಲೆ?"

"ಆಗ ನೋಡೋಣು. ನಿನ್ನಿ ಅಂವ ಫೋನ್ ಮಾಡಿದ್ದ, ಮೋಟರ್ ಹೆಂಗ ನಡದೈತಿ ಅಂತ ಕೇಳಾಕ."

ಮಾಲೀಕರು ನನ್ನ ಕಡೆ ನೋಡಿದರು. ಆಮೇಲೆ ಸ್ಟಾರ್ಟರಿನ ರಿಪೇರಿಯನ್ನು ಕಂಪ್ಯೂಟರಿನಲ್ಲೇ ಬರೆದುಕೊಂಡು, ಪಾಟಿಯನ್ನು ತೆಗೆದು ಬೆಂಚಿನ ಕೆಳಗೆ ಸರಿಸಿದರು.

ಕತ್ತಲಾಗುವ ಹೊತ್ತಿಗೆ ಕೊಟ್ಟೂರು ಸೇರಿದೆ. ಮನೆಯಲ್ಲಿ ನಮ್ಮವರು ಅನ್ನ ಮಾಡಿ, ಬೇಳೆ ಬೇಯಿಸಿ ಇಟ್ಟಿದ್ದರು. ಒಗ್ಗರಣೆ ನಾನು ಕೊಟ್ಟೆ. ಬೆಳಗಿನ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಅತ್ತೆಯವರಿಗೆ ಮಜ್ಜಿಗೆ ಅನ್ನ. ದಿನಾ ಅತ್ತೆ ಮೊದಲು ಮಲಗುತ್ತಾರೆ, ಆಮೇಲೆ ನಮ್ಮವರು, ಹಿಂದಿನ ಬಾಗಿಲ ಅಗಳಿ ನೋಡಿ ದೀಪ ಆರಿಸಿ ಕೊನೆಗೆ ನಾನು. ಅಂದು ತಟ್ಟೆ ತೊಳೆದಿಟ್ಟು ಸ್ವಲ್ಪ ಬೆನ್ನು ಚಾಚೋಣ ಎಂದು ಚಾಪೆ ಹಾಸಿದ್ದೊಂದೇ ನೆನಪು. ಮೊದಲು ಮಲಗಿದವಳು ನಾನೇ. ಬಾಗಿಲು ಹಾಕಿದ್ದು ಯಾರೋ ಗೊತ್ತಿಲ್ಲ.